ದಿಲ್ಲಿಗೆ ಕೇಳುವ ಪ್ರಶ್ನೆಯನ್ನು ಬೆಂಗಳೂರಿಗೂ ಕೇಳೋಣ



ದಿಲ್ಲಿ ನಮಗೆ ಅನ್ಯಾಯ ಮಾಡಿದೆ ಎಂದು ಬೀದಿಗಿಳಿದು ಕೂಗುತ್ತೇವೆ. ಕೂಗಲೇಬೇಕು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಶೇ. 4.713 ಪಾಲು ಕೊಟ್ಟಿತ್ತು. 15ನೇ ಆಯೋಗ 2021-26ರ ಅವಧಿಗೆ ಅದನ್ನು ಶೇ. 3.647ಕ್ಕೆ ಇಳಿಸಿತು. ಮುಖ್ಯ ಕಾರಣ? ನಾವು ಶ್ರೀಮಂತರಂತೆ! ತಲಾ ಆದಾಯ ಹೆಚ್ಚಿದ್ದಷ್ಟೂ ಪಾಲು ಕಡಿಮೆ. ಈ ಒಂದು ಅಳತೆಗೇ ಆಯೋಗ ಶೇ. 45 ತೂಕ ಕೊಟ್ಟಿತ್ತು.

ಯಾರು ಸ್ವಾಮಿ ಶ್ರೀಮಂತರು? ರಾಜ್ಯ ಸರ್ಕಾರದ ಆರ್ಥಿಕ ಸಮೀಕ್ಷೆಯನ್ನೇ ತೆರೆದು ನೋಡಿ. 2021-22ರಲ್ಲಿ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ 6 ಲಕ್ಷ ರೂಪಾಯಿ ದಾಟಿತ್ತು. ಕಲಬುರಗಿಯದು ಸುಮಾರು 1.25 ಲಕ್ಷ. ಐದು ಪಟ್ಟು ಅಂತರ! ಬೆಂಗಳೂರಿನ ದುಡ್ಡು ರಾಜ್ಯದ ಸರಾಸರಿಯನ್ನು ಮೇಲೆತ್ತುತ್ತದೆ. ಆ ಸರಾಸರಿ ನೋಡಿ ದಿಲ್ಲಿ ಪಾಲು ಕತ್ತರಿಸುತ್ತದೆ. ಕಲಬುರಗಿಯ ತೊಗರಿ ಬೆಳೆಗಾರನಿಗೆ ಎರಡು ಪೆಟ್ಟು: ಬೆಂಗಳೂರಿನ ಸಂಪತ್ತೂ ಇಲ್ಲ, ಬಡವನಿಗೆ ಸಲ್ಲಬೇಕಾದ ಪಾಲೂ ಇಲ್ಲ.

ಇದು ಸರ್ಕಾರಕ್ಕೆ ಗೊತ್ತಿಲ್ಲವೇ? 2002ರಲ್ಲೇ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಒಂದೊಂದರ ಹೆಸರು ಹೇಳಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. 8 ವರ್ಷದಲ್ಲಿ 31,000 ಕೋಟಿ ರೂಪಾಯಿ ತೊಡಗಿಸಿ ಎಂದಿತು. 2012ರಲ್ಲಿ ಸಂಸತ್ತು 371(ಜೆ) ವಿಧಿಗೆ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. 2024ರಲ್ಲಿ ಮತ್ತೊಂದು ಸಮಿತಿ. ಹೆಸರು ಬದಲಾಯಿತು, ಹಣೆಬರಹ ಬದಲಾಗಲಿಲ್ಲ.

1985ರಲ್ಲಿ ಶುರುವಾದ ರಾಯಚೂರಿನ ಶಾಖೋತ್ಪನ್ನ ಸ್ಥಾವರ ನಾಡಿಗೆಲ್ಲ ವಿದ್ಯುತ್ ಕೊಟ್ಟಿತು. ರಾಯಚೂರು, ಯಾದಗಿರಿಯ ಯುವಕರು ಮಾತ್ರ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಬರುತ್ತಾರೆ. ನಿಮ್ಮ ಮನೆಯೆದುರು ಏಳುತ್ತಿರುವ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊತ್ತು, ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಅವರಾಡುವುದು ಕನ್ನಡ. ಆ ಕನ್ನಡ ಕೇಳಿ ನಗುವವನು ಕನ್ನಡಾಭಿಮಾನಿ ಹೇಗಾದಾನು?

ಗೆಳೆಯರೇ, ಬಾವುಟ ಹಿಡಿದರಷ್ಟೇ ಸಾಲದು. ಮತ ಕೇಳಲು ಬಂದವರನ್ನು ನಿಲ್ಲಿಸಿ ಕೇಳಿ: ಆ 114 ತಾಲ್ಲೂಕುಗಳ ಶಾಲೆಯಲ್ಲಿ ಮೇಷ್ಟ್ರಿದ್ದಾರೆಯೇ? ಆಸ್ಪತ್ರೆಯಲ್ಲಿ ಡಾಕ್ಟರಿದ್ದಾರೆಯೇ? ಹೊಸ ಕಾರ್ಖಾನೆ ಕಲಬುರಗಿಗೆ ಯಾಕೆ ಬರಲಿಲ್ಲ? ದಿಲ್ಲಿಯಿಂದ ನ್ಯಾಯ ಕೇಳುವ ನಾಡು ಮೊದಲು ತನ್ನ ಮಕ್ಕಳಿಗೆ ನ್ಯಾಯ ಕೊಡಲಿ. ಬೀದರಿನ ಹೊಟ್ಟೆ ತುಂಬದೆ ಬೆಂಗಳೂರು ತೇಗಿದರೆ ಅದು ಕರ್ನಾಟಕದ ಏಳಿಗೆಯಲ್ಲ.