ನಿಂಬೆಹಣ್ಣಿನ ಚಾರ್ಜರ್, ಬಾಟಲಿ ಎ.ಸಿ., ‘ಫ್ರೀ ಕರೆಂಟ್’: ಫಾರ್ವರ್ಡ್ ಮಾಡುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆಗಳು

ನಿಂಬೆಹಣ್ಣಿಗೆ ವೈರ್ ಚುಚ್ಚಿದರೆ ಮೊಬೈಲ್ ಚಾರ್ಜ್ ಆಗುತ್ತದೆ. ಫ್ಯಾನಿಗೆ ಆಯಸ್ಕಾಂತ ಅಂಟಿಸಿದರೆ ಅದು ಕರೆಂಟ್ ಇಲ್ಲದೇ ತಿರುಗುತ್ತದೆ. ಖಾಲಿ ಬಾಟಲಿಗಳನ್ನು ಕತ್ತರಿಸಿ ಕಿಟಕಿಗೆ ಜೋಡಿಸಿದರೆ ಎ.ಸಿ. ಸಿದ್ಧ. ಇಂತಹ ವಿಡಿಯೋಗಳು ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರುತ್ತವೆ. ಕೆಳಗೆ ‘ಎಲ್ಲರಿಗೂ ತಲುಪಿಸಿ, ಕಂಪನಿಗಳು ಇದನ್ನು ಮುಚ್ಚಿಟ್ಟಿವೆ’ ಎಂಬ ಸಾಲು ಬೇರೆ ಇರುತ್ತದೆ.

ಇವೆಲ್ಲ ಸುಳ್ಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಅದೂ ತಪ್ಪಾಗುತ್ತದೆ. ಮನೆಯಲ್ಲೇ ಏನಾದರೂ ಮಾಡಿ ನೋಡುವ ಹುಚ್ಚಿನಿಂದ ನಿಜವಾಗಿಯೂ ಒಳ್ಳೆಯ ಸಲಕರಣೆಗಳು ಹುಟ್ಟಿವೆ. ಬರೀ ನಗಿಸಲೆಂದು ಮಾಡಿದವೂ ಇವೆ, ಮೋಸಕ್ಕೆ ಮಾಡಿದವೂ ಇವೆ, ಜೀವ ತೆಗೆದವೂ ಇವೆ. ತೊಂದರೆ ಏನೆಂದರೆ, ಫಾರ್ವರ್ಡ್ ಆಗಿ ಬರುವಾಗ ಇವೆಲ್ಲ ಒಂದೇ ಥರ ಕಾಣುತ್ತವೆ. ಮೂವತ್ತು ಸೆಕೆಂಡಿನ ವಿಡಿಯೋ, ಹಿಂದೆ ಒಂದು ಸಂಗೀತ, ಮಾಡಿದವರ ಹೆಸರು ಎಲ್ಲೂ ಇಲ್ಲ. ಯಾವುದು ಯಾವ ಬಗೆಯದು ಎಂದು ಗುರುತಿಸುವುದು ಹೇಗೆ? ನಾವು ಇಲ್ಲಿ ಒಂದೊಂದಾಗಿ ಬಿಡಿಸಿ ನೋಡೋಣ.

ನಗಿಸಲೆಂದೇ ಮಾಡಿದ ಯಂತ್ರಗಳು

ಮಗುವಿನ ಬಟ್ಟೆಗೆ ನೆಲ ಒರೆಸುವ ದಾರಗಳನ್ನು ಹೊಲಿದು, ಅದು ಅಂಬೆಗಾಲಿಟ್ಟಾಗ ನೆಲವೂ ಸ್ವಚ್ಛವಾಗುವ ಫೋಟೋ ನೋಡಿರಬಹುದು. ಬೂಟಿನ ತುದಿಗೆ ಪುಟ್ಟ ಕೊಡೆ ಕಟ್ಟಿದ ಫೋಟೋವನ್ನೂ ನೋಡಿರಬಹುದು. ‘ಜಪಾನಿನವರ ತಲೆ ನೋಡಿ’ ಎಂಬ ಒಕ್ಕಣೆಯೊಂದಿಗೆ ಇವು ಹರಿದಾಡುತ್ತವೆ.

ಇವು ಮೂಲತಃ ಮಾರಾಟಕ್ಕೆಂದು ಮಾಡಿದ ವಸ್ತುಗಳಲ್ಲ. ಜಪಾನಿನ ಕೆಂಜಿ ಕವಾಕಾಮಿ ಎಂಬುವರು ಜನಪ್ರಿಯಗೊಳಿಸಿದ ‘ಚಿಂದೋಗು’ ಎಂಬ ತಮಾಷೆಯ ಕಲೆಯ ಮಾದರಿಗಳು. ಚಿಂದೋಗು ಎಂದರೆ ವಿಚಿತ್ರ ಸಲಕರಣೆ ಎಂದರ್ಥ. ಇದಕ್ಕೆ ಹತ್ತು ನಿಯಮಗಳಿವೆ. ವಸ್ತುವನ್ನು ನಿಜವಾಗಿಯೂ ತಯಾರಿಸಿರಬೇಕು, ಆದರೆ ಅದು ನಿತ್ಯ ಬಳಕೆಗೆ ಬರುವಂತಿರಬಾರದು, ಮಾರಬಾರದು, ಪೇಟೆಂಟ್ ಪಡೆಯಬಾರದು ಎಂಬುವು ಅವುಗಳಲ್ಲಿ ಕೆಲವು. ಅಂದರೆ ಉಪಯೋಗಕ್ಕೆ ಬಾರದಿರುವುದೇ ಅದರ ಗುರಿ.

ಸ್ವೀಡನ್ನಿನ ಸಿಮೋನ್ ಯೆಟ್ಸ್ ಕೂಡ ಇದೇ ದಾರಿಯವರು. ಲಿಪ್‌ಸ್ಟಿಕ್ ಹಚ್ಚಲು ಹೋಗಿ ಮುಖವೆಲ್ಲ ಬಳಿಯುವ ರೋಬೋ, ಕೆನ್ನೆಗೆ ಬಾರಿಸಿ ಎಬ್ಬಿಸುವ ಅಲಾರಂ, ಹೀಗೆ ಬೇಕೆಂದೇ ಕೆಲಸ ಕೆಡಿಸುವ ಯಂತ್ರಗಳನ್ನು ಮಾಡಿ ಅವರು ಪ್ರಸಿದ್ಧರಾದರು. ಕೆಡುವುದೇ ಗುರಿಯಾದಾಗ ಸೋಲುವ ಭಯ ಇರುವುದಿಲ್ಲ, ಕಲಿಕೆ ಸಲೀಸಾಗುತ್ತದೆ ಎಂಬುದು ಅವರ ವಾದ. ಅವರ ವಿಡಿಯೋವನ್ನು ‘ವಿಜ್ಞಾನಿಗಳ ಪೆದ್ದುತನ’ ಎಂದು ಹಂಚಿದರೆ ತಮಾಷೆಯೂ ಹೋಗುತ್ತದೆ, ಮಾಡಿದವರಿಗೆ ಸಲ್ಲಬೇಕಾದ ಹೆಸರೂ ಹೋಗುತ್ತದೆ.

ತಮಾಷೆ ಯಾವಾಗಲೂ ತಮಾಷೆಯಾಗಿಯೇ ಉಳಿಯುತ್ತದೆ ಎಂದೂ ಹೇಳಲಾಗದು. ಕ್ಯಾಮೆರಾವನ್ನು ಕೋಲಿನ ತುದಿಗೆ ಸಿಕ್ಕಿಸಿ ತಮ್ಮ ಫೋಟೋ ತಾವೇ ತೆಗೆದುಕೊಳ್ಳುವ ಸಲಕರಣೆ ಜಪಾನಿನಲ್ಲಿ 1980ರ ದಶಕದಲ್ಲೇ ಪೇಟೆಂಟ್ ಪಡೆದಿತ್ತು, ಆದರೆ ಜನ ಕೊಳ್ಳಲಿಲ್ಲ. ಮುಂದೆ 1995ರಲ್ಲಿ ಅಂಥದ್ದೇ ಕೋಲು ಕವಾಕಾಮಿಯವರ ‘ಕೆಲಸಕ್ಕೆ ಬಾರದ ಆವಿಷ್ಕಾರಗಳ’ ಪುಸ್ತಕದಲ್ಲಿ ನಗೆಯ ವಸ್ತುವಾಗಿ ಕಾಣಿಸಿಕೊಂಡಿತು. ಇಂದು ಅದನ್ನು ನಾವು ಸೆಲ್ಫಿ ಸ್ಟಿಕ್ ಎನ್ನುತ್ತೇವೆ, ಜಾತ್ರೆಯಲ್ಲೂ ಮಾರುತ್ತಾರೆ.

ನಿಜವಾಗಿಯೂ ಕೆಲಸ ಮಾಡುವವು

ಬ್ರೆಜಿಲ್‌ನ ಉಬೆರಾಬಾ ಊರಿನ ಮೆಕ್ಯಾನಿಕ್ ಅಲ್ಫ್ರೆಡೊ ಮೋಸರ್ 2002ರಲ್ಲಿ ಒಂದು ‘ಬಾಟಲಿ ಬಲ್ಬು’ ಮಾಡಿದರು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಪಾಚಿ ಕಟ್ಟದಂತೆ ಎರಡು ಮುಚ್ಚಳ ಬ್ಲೀಚ್ ಹಾಕಿ, ಛಾವಣಿಯ ಶೀಟಿಗೆ ತೂತು ಕೊರೆದು ಅರ್ಧ ಹೊರಗೆ, ಅರ್ಧ ಒಳಗೆ ಇರುವಂತೆ ಕೂರಿಸಿದರು. ಹೊರಗಿನ ಬಿಸಿಲು ನೀರಿನಲ್ಲಿ ಬಾಗಿ ಕೋಣೆಯ ಎಲ್ಲ ದಿಕ್ಕಿಗೂ ಹರಡುತ್ತದೆ. ಒಳ್ಳೆಯ ಬಿಸಿಲಿದ್ದರೆ 40ರಿಂದ 60 ವ್ಯಾಟಿನ ಹಳೆಯ ಬಲ್ಬಿನಷ್ಟು ಬೆಳಕು ಸಿಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ‘ಲೀಟರ್ ಆಫ್ ಲೈಟ್’ ಎಂಬ ಸಂಸ್ಥೆ 2011ರಿಂದ ಇದನ್ನು ಕತ್ತಲೆ ಕವಿದ ಗುಡಿಸಲುಗಳಿಗೆ ಅಳವಡಿಸುತ್ತಾ ಬಂದಿದೆ.

ಇಲ್ಲಿ ಪವಾಡವಿಲ್ಲ. ಬೆಳಕು ಸೂರ್ಯನದು, ಬಾಟಲಿ ಅದನ್ನು ಹರಡುತ್ತದೆ ಅಷ್ಟೆ. ಹಾಗಾಗಿ ರಾತ್ರಿ ಅದು ಬೆಳಗುವುದಿಲ್ಲ. ‘ರಾತ್ರಿಯಿಡೀ ಉರಿಯುವ ನೀರಿನ ಬಲ್ಬು’ ಎಂದು ಯಾರಾದರೂ ಕಳಿಸಿದರೆ, ಅದರಲ್ಲಿ ಸೋಲಾರ್ ಪ್ಯಾನೆಲ್ ಮತ್ತು ಬ್ಯಾಟರಿ ಇರಲೇಬೇಕು.

ನಮ್ಮಲ್ಲೇ ಇನ್ನೊಂದು ಉದಾಹರಣೆ ಇದೆ. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ ಅವರ ‘ಅಡಿಕೆ ಮರ ಹತ್ತುವ ಬೈಕ್’ ವಿಡಿಯೋ ದೇಶವೆಲ್ಲ ಸುತ್ತಿತು. ಸೀಟಿನ ಮೇಲೆ ಕುಳಿತು ಸರ್ರನೆ ಮರದ ತುದಿ ಮುಟ್ಟುವುದನ್ನು ನೋಡಿ ಇದು ಎಡಿಟಿಂಗ್ ಇರಬೇಕು ಎನಿಸುವುದು ಸಹಜ. ಆದರೆ ಅದು ನಿಜ. ಅಡಿಕೆ ಕೊಯ್ಯಲು ಮರ ಹತ್ತುವವರು ಸಿಗದಿದ್ದಾಗ ಹುಟ್ಟಿದ ಯಂತ್ರ ಅದು. ಅದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಎಂಬುದರಲ್ಲಿ ಗುಟ್ಟೇನಿಲ್ಲ: ಪೆಟ್ರೋಲ್ ಎಂಜಿನ್.

ಕೇಳಲು ಚೆಂದ, ಲೆಕ್ಕಕ್ಕೆ ನಿಲ್ಲದವು

2016ರಲ್ಲಿ ಬಾಂಗ್ಲಾದೇಶದ ‘ಇಕೋ ಕೂಲರ್’ ಜಗತ್ತಿನ ಗಮನ ಸೆಳೆಯಿತು. ಒಂದು ಹಲಗೆಗೆ ಸಾಲಾಗಿ ತೂತು ಕೊರೆದು, ಅರ್ಧ ಕತ್ತರಿಸಿದ ಬಾಟಲಿಗಳನ್ನು ಜೋಡಿಸಿ ಕಿಟಕಿಗೆ ಇಡುವುದು. ಅಗಲ ಬಾಯಿಂದ ನುಗ್ಗಿದ ಬಿಸಿಗಾಳಿ ಕಿರಿದಾದ ಕತ್ತಿನಿಂದ ಹೊರಬರುವಾಗ ತಣ್ಣಗಾಗುತ್ತದೆ, ಕೋಣೆಯ ಉಷ್ಣತೆ 5 ಡಿಗ್ರಿಯವರೆಗೂ ಇಳಿಯುತ್ತದೆ ಎಂಬುದು ಪ್ರಚಾರ. ಪುರಾವೆಯಾಗಿ ಒಂದು ಪ್ರಯೋಗ ಹೇಳುತ್ತಾರೆ: ಬಾಯಿ ಅಗಲಿಸಿ ‘ಹಾ’ ಎಂದು ಕೈಮೇಲೆ ಊದಿದರೆ ಬಿಸಿ, ತುಟಿ ಕಿರಿದಾಗಿಸಿ ‘ಉಫ್’ ಎಂದರೆ ತಂಪು.

ಪ್ರಯೋಗ ನಿಜ, ಕಾರಣ ಬೇರೆ. ತುಟಿ ಕಿರಿದಾಗಿಸಿದಾಗ ಉಸಿರು ವೇಗವಾಗಿ ಹೊರಬಂದು ಸುತ್ತಲಿನ ಗಾಳಿಯನ್ನೂ ತನ್ನೊಂದಿಗೆ ಎಳೆದುಕೊಳ್ಳುತ್ತದೆ. ಕೈಗೆ ತಾಗುವುದು ಹೆಚ್ಚಾಗಿ ಕೋಣೆಯ ಗಾಳಿ. ಅದರ ವೇಗಕ್ಕೆ ಚರ್ಮದ ತೇವವೂ ಆರುತ್ತದೆ, ಹಾಗಾಗಿ ತಂಪು. ಬೇಕಿದ್ದರೆ ಅಂಗೈಯನ್ನು ತುಟಿಗೆ ತೀರಾ ಹತ್ತಿರ ಹಿಡಿದು ‘ಉಫ್’ ಎಂದು ನೋಡಿ. ಗಾಳಿ ಬೆಚ್ಚಗೇ ಇರುತ್ತದೆ.

ನಾವು ಒಂದು ಸರಳ ಲೆಕ್ಕ ಹಾಕಿದೆವು. ಗಂಟೆಗೆ 18 ಕಿ.ಮೀ. ವೇಗದ ಒಳ್ಳೆಯ ಗಾಳಿ ಬೀಸುತ್ತಿದ್ದರೂ ಅದು ಬಾಟಲಿಯಲ್ಲಿ ಉಂಟುಮಾಡುವ ಒತ್ತಡದ ವ್ಯತ್ಯಾಸ ತೀರಾ ಕಡಿಮೆ. ಅದರಿಂದ ಇಳಿಯುವ ಉಷ್ಣತೆ ಸುಮಾರು ಒಂದು ಡಿಗ್ರಿಯ ನೂರನೇ ಒಂದು ಭಾಗ. ಐದು ಡಿಗ್ರಿ ಎಲ್ಲಿ, ಇದೆಲ್ಲಿ? ಜೊತೆಗೆ ಹಲಗೆ ಕಿಟಕಿಯ ಬಹುಭಾಗವನ್ನು ಮುಚ್ಚಿ ಒಳಬರುವ ಗಾಳಿಯನ್ನೇ ತಡೆಯುತ್ತದೆ.

ಕಿಟಕಿಗೆ ಒದ್ದೆ ಲಾವಂಚದ ಪರದೆ ಕಟ್ಟುವ ನಮ್ಮ ಹಳೆಯ ಪದ್ಧತಿ ಇದಕ್ಕಿಂತ ಮೇಲು. ಅಲ್ಲಿ ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುತ್ತದೆ. ಕಲಬುರಗಿ, ರಾಯಚೂರಿನಂಥ ಒಣ ಸೆಕೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿಯಲ್ಲೇ ತೇವ ತುಂಬಿರುವ ಮಂಗಳೂರಿನಲ್ಲಿ ಅಷ್ಟಕ್ಕಷ್ಟೆ.

ನಿಂಬೆಹಣ್ಣಿನ ಚಾರ್ಜರ್ ಕೂಡ ಇದೇ ಸಾಲಿನದು. ಸತುವಿನ ಲೇಪವಿರುವ ಮೊಳೆ ಮತ್ತು ತಾಮ್ರದ ತಂತಿಯನ್ನು ನಿಂಬೆಗೆ ಚುಚ್ಚಿದರೆ ಸುಮಾರು 0.9 ವೋಲ್ಟ್ ಹುಟ್ಟುವುದು ನಿಜ. ಆದರೆ ಹರಿಯುವ ವಿದ್ಯುತ್ ಅತ್ಯಲ್ಪ. ಒಂದು ಹಣ್ಣಿನಿಂದ ಅರ್ಧ ಮಿಲಿವ್ಯಾಟ್ ಸಿಗುತ್ತದೆ ಎಂದುಕೊಂಡರೂ, 5000 ಎಂಎಎಚ್ ಬ್ಯಾಟರಿಗೆ ಬೇಕಾದಷ್ಟು ಶಕ್ತಿ ಕೂಡಿಸಲು 4 ವರ್ಷಕ್ಕೂ ಹೆಚ್ಚು ಬೇಕು. ಮೇಲಾಗಿ ಶಕ್ತಿ ಬರುವುದು ಕರಗುವ ಸತುವಿನಿಂದ, ನಿಂಬೆಯಿಂದಲ್ಲ. ಎರಡು ಮೂರು ಹಣ್ಣು ಜೋಡಿಸಿ ಪುಟ್ಟ ಡಿಜಿಟಲ್ ಗಡಿಯಾರ ಓಡಿಸಬಹುದು. ಮಕ್ಕಳಿಗೆ ಅದು ಒಳ್ಳೆಯ ಪಾಠ. ಮೊಬೈಲ್ ಮಾತ್ರ ಚಾರ್ಜ್ ಆಗದು.

ಬೇಕೆಂದೇ ಮಾಡುವ ಮೋಸ

ಬಲ್ಬನ್ನು ಬೆರಳಲ್ಲಿ ಹಿಡಿದರೆ ಹತ್ತಿಕೊಳ್ಳುತ್ತದೆ, ‘ಈ ಹುಡುಗನ ಮೈಯಲ್ಲೇ ಕರೆಂಟ್ ಇದೆ’ ಎಂಬ ವಿಡಿಯೋಗಳ ಗುಟ್ಟು ಅಂಗಡಿಯಲ್ಲೇ ಸಿಗುತ್ತದೆ. ಅದು ಕರೆಂಟ್ ಹೋದಾಗ ತಾನೇ ಉರಿಯುವ ರೀಚಾರ್ಜೆಬಲ್ ಎಲ್‌ಇಡಿ ಬಲ್ಬು, ಕೆಲವರು ಇನ್ವರ್ಟರ್ ಬಲ್ಬು ಎನ್ನುತ್ತಾರೆ. ಒಳಗೊಂದು ಚಿಕ್ಕ ಬ್ಯಾಟರಿ ಇರುತ್ತದೆ. ಬಲ್ಬಿನ ಬುಡದ ಎರಡು ತುದಿಗಳ ನಡುವೆ ವಿದ್ಯುತ್ ಹರಿಯಲು ದಾರಿ ಸಿಕ್ಕಿದರೆ ‘ಸ್ವಿಚ್ ಆನ್ ಇದೆ, ಕರೆಂಟ್ ಹೋಗಿದೆ’ ಎಂದು ಅದು ತಿಳಿದುಕೊಳ್ಳುತ್ತದೆ. ಬೆರಳು ಅಥವಾ ಒದ್ದೆ ಬಟ್ಟೆ ಕೂಡ ಅಂಥ ದಾರಿಯೇ. ಇದನ್ನು ನಂಬಿದ ಮಕ್ಕಳು ಸಾಕೆಟ್ಟಿಗೆ ಬೆರಳಿಡಲು ಹೋದರೆ ಏನಾದೀತು ಎಂದು ಯೋಚಿಸಿ.

ಆಯಸ್ಕಾಂತದಿಂದ ತಿರುಗುತ್ತಲೇ ಇರುವ ಫ್ಯಾನ್, ತನ್ನ ವೈರನ್ನು ತನಗೇ ಸಿಕ್ಕಿಸಿಕೊಂಡು ಉರಿಯುವ ಎಕ್ಸ್‌ಟೆನ್ಶನ್ ಬಾಕ್ಸ್ ಇವೆಲ್ಲ ಮೇಜಿನಡಿಯ ಬ್ಯಾಟರಿಯ ಆಟ. ಶಕ್ತಿಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಬಹುದು, ಇಲ್ಲದಿರುವಲ್ಲಿ ಹುಟ್ಟಿಸಲಾಗದು. ಎಂದೆಂದೂ ತಾನೇ ಓಡುವ ಯಂತ್ರದ ಅರ್ಜಿಗಳಿಂದ ಬೇಸತ್ತ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ, ಇನ್ನು ಅಂಥವನ್ನು ಪರಿಶೀಲಿಸುವುದೇ ಇಲ್ಲ ಎಂದು 1775ರಲ್ಲೇ ನಿರ್ಧರಿಸಿತ್ತು.

ನಂಬಿಕೆಯಿಂದ ಹಣವೂ ಹೋಗುತ್ತದೆ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ನೀರಿಗೆ ಗಿಡಮೂಲಿಕೆ ಹಾಕಿ ಪೆಟ್ರೋಲ್ ಮಾಡುತ್ತೇನೆಂದು ದೇಶದ ಗಮನ ಸೆಳೆದರು. ಆಮೇಲೆ ‘ಮೂಲಿಕೆ ಇಂಧನ’ ಮಾರಾಟಕ್ಕೂ ಬಂತು. ಅದರಲ್ಲಿದ್ದದ್ದು ಪೆಟ್ರೋಲಿಯಂ ಉತ್ಪನ್ನಗಳ ಮಿಶ್ರಣ ಎಂಬುದು ತನಿಖೆಯ ಆರೋಪವಾಗಿತ್ತು. 2016ರಲ್ಲಿ ಚೆನ್ನೈನ ನ್ಯಾಯಾಲಯ ವಂಚನೆಯ ಪ್ರಕರಣದಲ್ಲಿ ಅವರಿಗೆ 3 ವರ್ಷ ಜೈಲು ಶಿಕ್ಷೆ ವಿಧಿಸಿತು.

ಜೀವಕ್ಕೇ ಕುತ್ತು ತರುವವು

ಹಳೆಯ ಮೈಕ್ರೋವೇವ್ ಓವನ್ ಬಿಚ್ಚಿ, ಅದರ ಟ್ರಾನ್ಸ್‌ಫಾರ್ಮರ್‌ನಿಂದ ಮರದ ಹಲಗೆಯ ಮೇಲೆ ಮಿಂಚಿನಂಥ ಚಿತ್ತಾರ ಸುಡುವ ವಿಡಿಯೋಗಳು ಬಹಳ ಸುಂದರವಾಗಿರುತ್ತವೆ. ಆ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ಒಮ್ಮೆ ತಾಗಿದರೆ ಕೈ ಬಿಡಿಸಿಕೊಳ್ಳಲೂ ಆಗದಿರಬಹುದು. ಮನೆಯ ಇಎಲ್‌ಸಿಬಿ ಕಾಪಾಡುತ್ತದೆ ಎನ್ನುವಂತಿಲ್ಲ, ಏಕೆಂದರೆ ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯ ಸೋರಿಕೆ ಅದಕ್ಕೆ ತಿಳಿಯುವುದಿಲ್ಲ. ಪ್ಲಗ್ ತೆಗೆದ ಮೇಲೂ ಓವನ್ನಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಈ ಕಲೆ 30ಕ್ಕೂ ಹೆಚ್ಚು ಜನರ ಜೀವ ತೆಗೆದಿದೆ. ಅಮೆರಿಕದ ಮರಗೆತ್ತನೆಯವರ ಸಂಘ ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿದೆ.

2019ರ ಆಗಸ್ಟ್‌ನಲ್ಲಿ ಚೀನಾದ ಶಾಂಡೊಂಗ್ ಪ್ರಾಂತ್ಯದಲ್ಲಿ ಇಬ್ಬರು ಹುಡುಗಿಯರು ತಗಡಿನ ಡಬ್ಬಿ ಮತ್ತು ಆಲ್ಕೋಹಾಲ್ ಬಳಸಿ ಪಾಪ್‌ಕಾರ್ನ್ ಮಾಡಲು ಹೋದಾಗ ಸ್ಫೋಟವಾಯಿತು. 14 ವರ್ಷದವಳು ಕೆಲ ದಿನಗಳ ನಂತರ ಸತ್ತಳು, 12 ವರ್ಷದವಳಿಗೆ ತೀವ್ರ ಸುಟ್ಟ ಗಾಯಗಳಾದವು. ಆಫೀಸಿನ ವಸ್ತುಗಳಲ್ಲೇ ಅಡುಗೆ ಮಾಡುವ ಜನಪ್ರಿಯ ವಿಡಿಯೋ ನೋಡಿ ಹೀಗೆ ಮಾಡಿದರೆಂದು ಮನೆಯವರು ಹೇಳಿದರು. ವಿಡಿಯೋ ಮಾಡಿದ ಯುವತಿ, ತಾನು ತೋರಿಸಿದ ವಿಧಾನ ಅದಲ್ಲ ಎಂದರು. ಯಾರ ಮಾತು ಸರಿಯಿದ್ದರೂ ಹೋದ ಜೀವ ಬರುವುದಿಲ್ಲ. ಆಲ್ಕೋಹಾಲಿನ ಆವಿಗೆ ಬೇಗ ಬೆಂಕಿ ಹತ್ತುತ್ತದೆ, ಹಗಲಲ್ಲಿ ಅದರ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ. ನಮ್ಮ ಮನೆಗಳಲ್ಲಿರುವ ಸ್ಯಾನಿಟೈಸರ್‌ಗೂ ಈ ಮಾತು ಅನ್ವಯಿಸುತ್ತದೆ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

1. ಶಕ್ತಿ ಎಲ್ಲಿಂದ ಬರುತ್ತಿದೆ? ಬಿಸಿಲು, ಪೆಟ್ರೋಲ್, ಬ್ಯಾಟರಿ, ಕೈಬಲ, ಏನಾದರೂ ಒಂದು ಇರಲೇಬೇಕು. ‘ಎಲ್ಲಿಂದಲೂ ಇಲ್ಲ’ ಎಂಬುದು ಉತ್ತರವಾದರೆ ವಿಡಿಯೋ ಸುಳ್ಳು.

2. ಮಾಡಿದವರು ಯಾರು? ಹೆಸರು, ಊರು, ಪೂರ್ತಿ ವಿಡಿಯೋ ಇದೆಯೇ ಹುಡುಕಿ. ವಿಡಿಯೋದ ಒಂದು ಸ್ಕ್ರೀನ್‌ಶಾಟನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಎಷ್ಟೋ ಸಲ ಮೂಲ ಸಿಗುತ್ತದೆ. ತಮಾಷೆಯೋ ನಿಜವೋ ಎಂಬುದು ಅಲ್ಲೇ ಬರೆದಿರುತ್ತದೆ.

3. ವಿಡಿಯೋ ಎಲ್ಲಿ ಕಟ್ ಆಗಿದೆ? ವೈರ್ ಜೋಡಿಸುವುದಕ್ಕೂ ಬಲ್ಬು ಉರಿಯುವುದಕ್ಕೂ ನಡುವೆ ದೃಶ್ಯ ಬದಲಾದರೆ ಅನುಮಾನಪಡಿ. ಮೇಜಿನ ಕೆಳಗೆ ಏನಿದೆ ಎಂದು ತೋರಿಸುವುದೇ ಇಲ್ಲವೆಂದರೂ ಅಷ್ಟೆ.

4. ಕೆಟ್ಟರೆ ಏನಾಗುತ್ತದೆ? ನಿಂಬೆಹಣ್ಣು ಕೈಕೊಟ್ಟರೆ ಶರಬತ್ತು ಮಾಡಬಹುದು. ಗೋಡೆಯ ಕರೆಂಟ್, ಬೆಂಕಿ, ಆಲ್ಕೋಹಾಲ್, ಮೊಬೈಲ್ ಬ್ಯಾಟರಿ, ಗ್ಯಾಸ್ ಇವುಗಳಲ್ಲಿ ಒಂದಿದ್ದರೂ ಇನ್ನೊಂದು ಅವಕಾಶ ಸಿಗದಿರಬಹುದು. ಅಂಥದ್ದನ್ನು ಫಾರ್ವರ್ಡ್ ಮಾಡಬೇಡಿ. ಗ್ರೂಪಿನಲ್ಲಿ ಮಕ್ಕಳೂ ಇರುತ್ತಾರೆ.

ಮನೆಯಲ್ಲಿ ಮಕ್ಕಳು ಬಿಚ್ಚಿ ಜೋಡಿಸಿ ನೋಡುವುದನ್ನು ನಿಲ್ಲಿಸಬೇಕೆಂದು ನಾವು ಹೇಳುತ್ತಿಲ್ಲ. ಟಾರ್ಚಿನ ಸೆಲ್, ಚಿಕ್ಕ ಎಲ್‌ಇಡಿ, ಹಳೆ ಆಟಿಕೆಯ ಮೋಟಾರ್, ರಟ್ಟಿನ ಡಬ್ಬಿ ಇಷ್ಟರಲ್ಲೇ ಎಷ್ಟೋ ಆಟ ಆಡಬಹುದು, ಕೆಟ್ಟರೂ ಯಾರಿಗೂ ನೋವಾಗದು. ಮುಂದಿನ ಸಲ ಗ್ರೂಪಿಗೆ ‘ಫ್ರೀ ಕರೆಂಟ್’ ವಿಡಿಯೋ ಬಂದಾಗ ಕಳಿಸಿದವರ ಜೊತೆ ಜಗಳ ಬೇಡ. ‘ಇದರಲ್ಲಿ ಶಕ್ತಿ ಎಲ್ಲಿಂದ ಬರುತ್ತೆ?’ ಎಂದು ಒಂದೇ ಪ್ರಶ್ನೆ ಕೇಳಿ.