ನೀಲಿ ಕಪ್ಪೆಗೆ ವಿಷ ಇರಲಿಲ್ಲ, ನನಗೆ ಬುದ್ಧಿ ಇರಲಿಲ್ಲ

ಕಳೆದ ವಾರ ಬೆಂಗಳೂರಿಂದ ಚಿಕ್ಕಮ್ಮನ ಮಗನ ಮೆಸೇಜ್ ಬಂತು: ‘ಅಕ್ಕಾ, ಡಿಸೆಂಬರ್‌ನಲ್ಲಿ ಬರುವಾಗ ನಂಗೂ ಒಂದು ಜೋಡಿ ನೀಲಿ ಕಪ್ಪೆ ತಂದುಬಿಡು. ಸೂಟ್‌ಕೇಸಲ್ಲಿ ಮಹಾ ಎಷ್ಟು ಜಾಗ ಹಿಡಿಯುತ್ತೆ?’ ಜೊತೆಗೆ ಮೂರು ಹಾರ್ಟ್ ಎಮೋಜಿ.

‘ಆಗಲ್ಲ ಕಣೋ’ ಅಂತ ಒಂದೇ ಸಾಲು ಕಳಿಸಿದೆ. ಯಾಕೆ ಆಗಲ್ಲ ಅಂತ ಹೇಳೋಕೆ ಒಂದು ಸಾಲು ಸಾಲದು, ಒಂದು ಅಂಕಣವೇ ಬೇಕು. ಈ ಸಲ ಅದನ್ನೇ ಬರೀತಿದ್ದೀನಿ.

ನಾನಿರೋದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ನಮ್ಮನೆ ಹಾಲ್‌ನ ಮೂಲೆಯಲ್ಲಿ ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಪೆಟ್ಟಿಗೆ ಇದೆ. ಒಳಗೆ ಒಂದು ಪುಟ್ಟ ಕಾಡು, ಅದರೊಳಗೆ ಎರಡು ಪಾಯಿಸನ್ ಡಾರ್ಟ್ ಕಪ್ಪೆ. ಹೆಬ್ಬೆರಳಿನಷ್ಟು ಮೈ, ಹೊಸ ಇಂಕಿನಂಥ ನೀಲಿ ಬಣ್ಣ, ಅದರ ಮೇಲೆ ಕಪ್ಪು ಚುಕ್ಕೆ. ಆ ಚುಕ್ಕೆಗಳು ಒಂದೊಂದು ಕಪ್ಪೆಗೆ ಒಂದೊಂದು ರೀತಿ, ನಮ್ಮ ಬೆರಳಚ್ಚಿನ ಹಾಗೆ. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ಸಿಪಾಲಿವಿನಿ ಅನ್ನೋ ಹುಲ್ಲುಗಾವಲಿದೆ. ಅದರ ನಡುವೆ ದ್ವೀಪಗಳ ಹಾಗೆ ಉಳಿದಿರುವ ಕಾಡಿನ ತುಣುಕುಗಳೇ ಇವುಗಳ ಮೂಲ ಊರು. ಅಲ್ಲಿನವರು ಇದನ್ನು ‘ಒಕೊಪಿಪಿ’ ಅಂತಾರೆ.

ಅಮ್ಮ ಮೊದಲ ಸಲ ವಿಡಿಯೋ ಕಾಲ್‌ನಲ್ಲಿ ನೋಡಿದಾಗ ಕೇಳಿದ್ದು ಇಷ್ಟೇ: ‘ವಿಷದ ಕಪ್ಪೆನಾ? ನಾಯಿ ಬೆಕ್ಕು ಯಾವುದೂ ಸಿಗಲಿಲ್ವಾ ನಿಂಗೆ?’

ಅಮ್ಮನ ಭಯದಲ್ಲಿ ತಪ್ಪೇನಿಲ್ಲ. ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಎಂಬೆರಾ ಜನ ಊದುಕೊಳವೆಯ ಬಾಣದ ಮೊನೆಯನ್ನು ಜೀವಂತ ಕಪ್ಪೆಯ ಬೆನ್ನಿಗೆ ಉಜ್ಜಿ ಬೇಟೆಯಾಡುತ್ತಿದ್ದರು. ಆ ಬಂಗಾರ ಬಣ್ಣದ ಕಪ್ಪೆಗೆ 1978ರಲ್ಲಿ ವಿಜ್ಞಾನಿಗಳು ಕೊಟ್ಟ ಹೆಸರಲ್ಲೇ ‘ಟೆರಿಬಿಲಿಸ್’ ಇದೆ. ಆದರೆ ಬಾಣಕ್ಕೆ ಹೀಗೆ ಬಳಕೆಯಾಗಿದ್ದು ಖಚಿತವಾಗಿ ಗೊತ್ತಿರೋದು ಮೂರೇ ಜಾತಿಯ ಕಪ್ಪೆ. ನಮ್ಮ ನೀಲಿ ಕಪ್ಪೆ ಆ ಪಟ್ಟಿಯಲ್ಲಿಲ್ಲ. ಕಾಡಲ್ಲಿ ಇದಕ್ಕೂ ವಿಷ ಇರುತ್ತೆ, ಆದರೆ ಅಷ್ಟು ಘೋರ ಅಲ್ಲ.

ಇನ್ನೂ ಮಜಾ ಅಂದರೆ, ಆ ವಿಷ ಕಪ್ಪೆಯ ಸ್ವಂತದ್ದೇ ಅಲ್ಲ. ನಮ್ಮನೆಯಿಂದ ಹೆಚ್ಚು ದೂರವಿಲ್ಲದ ಬೆಥೆಸ್ಡಾದ ಎನ್‌ಐಎಚ್‌ನಲ್ಲಿ ಜಾನ್ ಡಾಲಿ ಅನ್ನೋ ರಸಾಯನ ವಿಜ್ಞಾನಿ ಇದರ ಬೆನ್ನು ಹತ್ತಿದರು. ಮನೆಯೊಳಗೆ ಹಣ್ಣಿನ ನೊಣ ತಿಂದು ಬೆಳೆದ ಕಪ್ಪೆಗಳ ಚರ್ಮದಲ್ಲಿ ವಿಷ ಸಿಗಲಿಲ್ಲ. ಪನಾಮಾದಲ್ಲಿ ಒಣಎಲೆ ರಾಶಿಯ ಹುಳುಹುಪ್ಪಟೆ ತಿಂದು ಬೆಳೆದ ಅದೇ ಜಾತಿಯ ಕಪ್ಪೆಗಳಲ್ಲಿ ಸಿಕ್ಕಿತು. 1994ರಲ್ಲಿ ಡಾಲಿ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಅಂದರೆ ಇರುವೆ, ನುಸಿಹುಳದಂಥ ಊಟದಿಂದ ಬಂದ ವಿಷವನ್ನು ಕಪ್ಪೆ ಚರ್ಮದಲ್ಲಿ ಕೂಡಿಟ್ಟುಕೊಳ್ಳುತ್ತೆ, ಅಷ್ಟೇ. ಕಾಡಿಂದ ಹಿಡಿದು ತಂದ ಕಪ್ಪೆಯಲ್ಲಿ ಅದು ವರ್ಷಗಟ್ಟಲೆ ಉಳಿಯಬಹುದು. ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಕಪ್ಪೆ ನಿರಪಾಯಕಾರಿ.

‘ಊಟ ಬದಲಾದ್ರೆ ಸ್ವಭಾವವೂ ಬದಲಾಗುತ್ತೆ ಅಂತ ನಾನು ಯಾವಾಗ್ಲೂ ಹೇಳಲ್ವಾ’ ಅಂದರು ಅಮ್ಮ. ಅದು ಕಪ್ಪೆಗೆ ಹೇಳಿದ್ದೋ ನನಗೋ ಗೊತ್ತಾಗಲಿಲ್ಲ.

ಪೆಟ್ಟಿಗೆ ಕಟ್ಟೋದು ನನಗೆ ಸಲೀಸಾಯ್ತು. ತಳದಲ್ಲಿ ನೀರು ಇಳಿಯೋಕೆ ಸುಟ್ಟ ಮಣ್ಣಿನ ಗೋಲಿಗಳು, ಅದರ ಮೇಲೆ ಕಿಟಕಿಯ ಸೊಳ್ಳೆ ಜಾಲರಿ. ಜಾಲರಿ ಮೇಲೆ ಮಣ್ಣಲ್ಲ, ಮಿಶ್ರಣ: ಜರೀಮರದ ನಾರು, ಆರ್ಕಿಡ್ ಗಿಡಕ್ಕೆ ಹಾಕುವ ತೊಗಟೆ ಚೂರು, ಇದ್ದಿಲು, ಪೀಟ್, ಸ್ಫ್ಯಾಗ್ನಮ್ ಪಾಚಿ. ಅಟ್ಲಾಂಟಾ ಬೊಟಾನಿಕಲ್ ಗಾರ್ಡನ್‌ನವರು ರೂಪಿಸಿದ ಈ ಮಿಶ್ರಣ ಸದಾ ಒದ್ದೆಯಿದ್ದರೂ ವರ್ಷಗಟ್ಟಲೆ ಕೊಳೆತು ಕೂರಲ್ಲ. ಮೇಲೆ ಒಣಎಲೆಯ ಹಾಸು. ಕಪ್ಪೆಯ ಹೇಲು, ಬೂಷ್ಟು ತಿಂದು ಸ್ವಚ್ಛ ಮಾಡೋಕೆ ಸ್ಪ್ರಿಂಗ್‌ಟೇಲ್, ಐಸೊಪಾಡ್ ಅನ್ನೋ ಪುಟಾಣಿ ಜೀವಿಗಳು. ಗಿಡಗಳೆಂದರೆ ಅನಾನಸ್ ಬಳಗದ ಬ್ರೊಮೀಲಿಯಾಡ್, ಜರೀಗಿಡ ಮತ್ತು ನಮ್ಮೆಲ್ಲರ ಮನಿ ಪ್ಲಾಂಟ್. ಕಪ್ಪೆಗೆ ಅಡಗಿಕೊಳ್ಳೋಕೆ, ಮೊಟ್ಟೆ ಇಡೋಕೆ ತೆಂಗಿನ ಕರಟ. ಹೌದು, ಇಲ್ಲಿ ಅದನ್ನು ‘ಕೋಕೋ ಹಟ್’ ಅಂತ ಹೆಸರಿಟ್ಟು ದುಡ್ಡಿಗೆ ಮಾರ್ತಾರೆ. ನಾನು ಕಾಯಿ ತುರಿದು ಚಟ್ನಿ ಮಾಡಿ, ಕರಟ ತೊಳೆದು, ಒಂದು ಬದಿಗೆ ಬಾಗಿಲು ಕೊರೆದು ಇಟ್ಟೆ.

ತಾಪಮಾನ 22ರಿಂದ 25 ಡಿಗ್ರಿ, ತೇವಾಂಶ ಶೇ 80ರ ಆಸುಪಾಸು, ಟೈಮರ್ ಇಟ್ಟು ದಿನಕ್ಕೆರಡು ಸಲ ತುಂತುರು ಮಳೆ. ಕಪ್ಪೆ ತರೋ ಮೊದಲು ಆರು ವಾರ ಖಾಲಿ ಪೆಟ್ಟಿಗೆಯನ್ನೇ ನಡೆಸಿದೆ. ಗಿಡ ಬೇರು ಬಿಟ್ಟವು, ಹುಳುಗಳು ಮರಿ ಹಾಕಿದವು. ನಾನು ಅದರ ಮೀಟರ್‌ಗಳನ್ನೆಲ್ಲ ಫೋನಿಗೆ ಜೋಡಿಸಿ, ಆಫೀಸ್ ಮೀಟಿಂಗ್ ಮಧ್ಯೆಯೂ ತೇವಾಂಶ ನೋಡ್ತಾ ಕೂರ್ತಿದ್ದೆ.

ಊಟದ ಕೆಲಸ ಮಾತ್ರ ಮುಗಿಯೋದೇ ಇಲ್ಲ. ಈ ಕಪ್ಪೆ ಸತ್ತದ್ದನ್ನು ತಿನ್ನಲ್ಲ, ಅಲುಗಾಡೋದೇ ಬೇಕು. ಹಾರಲಾರದ ತಳಿಯ ಹಣ್ಣಿನ ನೊಣಗಳನ್ನು ಆಲೂಗಡ್ಡೆ ಪುಡಿ, ಯೀಸ್ಟ್, ವಿನೆಗರ್ ಕಲಸಿದ ಡಬ್ಬಿಯಲ್ಲಿ ನಾವೇ ಬೆಳೆಸಬೇಕು. ಇವತ್ತು ಹಾಕಿದ ಡಬ್ಬಿಯಲ್ಲಿ ನೊಣ ಆಗೋದು ಸುಮಾರು ಎರಡು ವಾರಕ್ಕೆ. ಒಂದು ವಾರ ಸೋಮಾರಿತನ ಮಾಡಿದರೆ ಮುಂದೊಂದು ವಾರ ಕಪ್ಪೆಗೆ ಉಪವಾಸ. ಆ ನೊಣಗಳನ್ನೂ ಕ್ಯಾಲ್ಸಿಯಂ, ವಿಟಮಿನ್ ಪುಡಿಯಲ್ಲಿ ಹೊರಳಿಸಿ ಹಾಕಬೇಕು, ಹಿಟ್ಟಲ್ಲಿ ಹೊರಳಿಸಿದ ಎಳ್ಳಿನ ಹಾಗೆ. ವಿಟಮಿನ್ ‘ಎ’ ಕಡಿಮೆಯಾದರೆ ಕಪ್ಪೆಯ ನಾಲಗೆ ಸರಿಯಾಗಿ ಚಾಚಲ್ಲ. ನೊಣ ಮುಂದೆಯೇ ಇದ್ದರೂ ಹಿಡಿಯಲಾರದೆ ಸೊರಗುತ್ತೆ.

ಇಷ್ಟೆಲ್ಲ ಓದಿಕೊಂಡಿದ್ದೆ. ಒಂದು ವಿಷಯ ಬಿಟ್ಟುಹೋಗಿತ್ತು.

ಮೊದಲು ತಂದಿದ್ದು ಎರಡಲ್ಲ, ಮೂರು ಮರಿ. ಚಿಕ್ಕವಿದ್ದಾಗ ಗಂಡು ಯಾವುದು ಹೆಣ್ಣು ಯಾವುದು ಅಂತ ಗೊತ್ತಾಗಲ್ಲ. ದೊಡ್ಡದಾದ ಮೇಲೆ ಗಂಡಿನ ಮುಂಗಾಲಿನ ಬೆರಳ ತುದಿ ಅಗಲವಾಗುತ್ತೆ, ಆಗ ಗುರುತು ಹತ್ತುತ್ತೆ. ವರ್ಷದೊಳಗೆ ಮೂರೂ ದಷ್ಟಪುಷ್ಟವಾದವು. ಒಂದು ದಿನ ಬೆಳಗ್ಗೆ ನೋಡ್ತೀನಿ, ಒಂದು ಕಪ್ಪೆ ಇನ್ನೊಂದರ ಬೆನ್ನ ಮೇಲೆ ಮುಂಗಾಲು ಹಾಕಿ ಒರಗಿ ಕೂತಿದೆ. ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪ್‌ಗೆ ಹಾಕಿದೆ: ‘ಅಕ್ಕತಂಗಿ ಅಪ್ಕೊಂಡಿದ್ದಾರೆ ನೋಡಿ!’ ಹದಿನೇಳು ಜನ ಹಾರ್ಟ್ ಒತ್ತಿದರು. ದೊಡ್ಡಪ್ಪ ಕೈ ಮುಗಿದ ಎಮೋಜಿ ಹಾಕಿದರು.

ಅದು ಅಪ್ಪುಗೆ ಆಗಿರಲಿಲ್ಲ, ಕುಸ್ತಿ.

ಈ ಜಾತಿಯ ಹೆಣ್ಣುಗಳು ಜಾಗಕ್ಕೂ ಗಂಡಿಗೂ ಒಂದನ್ನೊಂದು ಸಹಿಸಲ್ಲ. ಕಚ್ಚಾಟ ಇಲ್ಲ, ಗಾಯ ಇಲ್ಲ, ಸದ್ದೂ ಇಲ್ಲ. ಬಲವಾದದ್ದು ಇನ್ನೊಂದನ್ನು ಹಿಂಬಾಲಿಸಿ ನೆಲಕ್ಕೆ ಅದುಮಿ ಹಿಡಿಯುತ್ತೆ. ಸೋತದ್ದು ಬಚ್ಚಿಟ್ಟುಕೊಳ್ಳುತ್ತೆ, ಊಟಕ್ಕೆ ಬರೋದು ನಿಲ್ಲಿಸುತ್ತೆ. ಹಲವು ವರ್ಷ ಕಪ್ಪೆ ಸಾಕಿದ ಪರಿಚಯದವರೊಬ್ಬರಿಗೆ ಅದೇ ವಿಡಿಯೋ ತೋರಿಸಿದಾಗ ಅವರು ಚೆಂದ ಇದೆ ಅನ್ನಲಿಲ್ಲ. ‘ಹೆಣ್ಣೆಷ್ಟು?’ ಅಂತ ಕೇಳಿದರು.

ಅಷ್ಟೊತ್ತಿಗೆ ಮೂರು ವಾರ ಕಳೆದಿತ್ತು. ಹುಡುಕಿದೆ. ಬ್ರೊಮೀಲಿಯಾಡ್ ಹಿಂದೆ, ಗಾಜಿಗೆ ಒತ್ತಿಕೊಂಡು ಕೂತಿತ್ತು. ಸೊಂಟದ ಮೂಳೆ ಎದ್ದು ಕಾಣ್ತಿತ್ತು. ಬೇರೆ ಡಬ್ಬಿಗೆ ಹಾಕಿ, ನೊಣ ಬಿಟ್ಟು, ವೈದ್ಯರಿಗೂ ತೋರಿಸಿದೆ. ಒಂಬತ್ತನೇ ದಿನ ಸತ್ತುಹೋಯ್ತು.

ಆ ಮೂರು ವಾರವೂ ನನ್ನ ಫೋನಲ್ಲಿ ತಾಪಮಾನ ಸರಿಯಿತ್ತು, ತೇವಾಂಶ ಸರಿಯಿತ್ತು. ದಿನಾ ಪೆಟ್ಟಿಗೆ ಮುಂದೆ ಕೂತು ಕಾಫಿ ಕುಡೀತಿದ್ದೆ. ಮೂರು ಕಪ್ಪೆ ಊಟಕ್ಕೆ ಬಂದವಾ ಅಂತ ಮಾತ್ರ ಎಣಿಸಿರಲಿಲ್ಲ.

ಬಾಲ್ಕನಿಯ ಹೂಕುಂಡದಲ್ಲಿ ಹೂಳೋಣ ಅಂದುಕೊಂಡೆ. ಅದೂ ತಪ್ಪು ಅಂತ ಅವರೇ ತಡೆದರು. ಜಗತ್ತಿನಾದ್ಯಂತ ಕಪ್ಪೆಗಳನ್ನು ಕೊಲ್ಲುತ್ತಿರುವ ಕೈಟ್ರಿಡ್ ಅನ್ನೋ ಶಿಲೀಂಧ್ರ ಇದೆ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ, ಅದರಿಂದ 500ಕ್ಕೂ ಹೆಚ್ಚು ಉಭಯವಾಸಿ ಪ್ರಭೇದಗಳ ಸಂಖ್ಯೆ ಕುಸಿದಿದೆ ಅಂತ ಲೆಕ್ಕ ಹಾಕಿತು. ಆ ಶಿಲೀಂಧ್ರಕ್ಕೆ ವೈಜ್ಞಾನಿಕ ಹೆಸರಿಟ್ಟದ್ದು 1999ರಲ್ಲಿ. ಅದನ್ನು ಬೇರ್ಪಡಿಸಿದ್ದು ಎಲ್ಲಿಂದ ಗೊತ್ತಾ? ಇಲ್ಲೇ ಪಕ್ಕದ ವಾಷಿಂಗ್ಟನ್‌ನ ನ್ಯಾಷನಲ್ ಜೂನಲ್ಲಿ ಸತ್ತ ನೀಲಿ ಡಾರ್ಟ್ ಕಪ್ಪೆಯಿಂದ. ಹಾಗಾಗಿ ಪೆಟ್ಟಿಗೆಯ ನೀರು, ಮಣ್ಣು, ಗಿಡ, ಸತ್ತ ಕಪ್ಪೆ ಯಾವುದನ್ನೂ ಹೊರಗಿನ ಮಣ್ಣಿಗೆ, ಚರಂಡಿಗೆ ಸೇರಿಸಬಾರದು. ನೀರಿಗೆ ಬ್ಲೀಚ್ ಹಾಕಿಯೇ ಚೆಲ್ಲಬೇಕು. ಹೊಸ ಕಪ್ಪೆ ಬಂದರೆ ಮೊದಲು ಪ್ರತ್ಯೇಕ ಡಬ್ಬಿಯಲ್ಲಿ ಇಟ್ಟು, ಪರೀಕ್ಷೆ ಮಾಡಿಸಬೇಕು.

ಈಗ ತಮ್ಮನ ಸೂಟ್‌ಕೇಸ್ ವಿಷಯ. ಡಾರ್ಟ್ ಕಪ್ಪೆಗಳು ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಪರವಾನಗಿ ಇಲ್ಲದೆ ಗಡಿ ದಾಟಿಸೋದು ಕಳ್ಳಸಾಗಣೆ. ಭಾರತದಲ್ಲಿ 2022ರ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆ ಇಂಥ ವಿದೇಶಿ ಜೀವಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. 2024ರ ನಿಯಮಗಳ ಪ್ರಕಾರ, ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ‘ಪೇಪರ್ ಏನೂ ಬೇಡ ಸರ್’ ಅಂತ ಯಾರಾದರೂ ಕಪ್ಪೆ ಮಾರೋಕೆ ಬಂದರೆ ಅಲ್ಲಿಂದ ಎದ್ದು ಬನ್ನಿ.

ಕಾಗದವೆಲ್ಲ ಸರಿಯಿದೆ ಅಂತಲೇ ಇಟ್ಟುಕೊಳ್ಳೋಣ. 30 ಡಿಗ್ರಿ ಹತ್ತಿರವಾದರೆ ಈ ಕಪ್ಪೆಗೆ ಜೀವಕ್ಕೇ ಕುತ್ತು. ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಕರೆಂಟ್ ಹೋದ ಮಧ್ಯಾಹ್ನ ಏನು ಮಾಡ್ತೀಯಾ? ಕೆಲಸ ಬದಲಾಗಿ ಹೈದರಾಬಾದ್‌ಗೋ ಪುಣೆಗೋ ಹೋದರೆ? ಇವು ಹತ್ತು ವರ್ಷ ದಾಟಿ ಬದುಕ್ತವೆ. ಊರಿಗೆ ಹೋಗೋ ಮುಂಚೆ ನಮ್ಮನೆ ನೊಣದ ಡಬ್ಬಿ ನೋಡಿಕೊಳ್ಳೋರು ಯಾರು ಅಂತ ಹುಡುಕೋದೇ ಟಿಕೆಟ್ ಬುಕ್ ಮಾಡೋದಕ್ಕಿಂತ ಕಷ್ಟ.

ಹಾಗಂತ ನಾನು ಸಾಕೋದು ಬಿಟ್ಟಿಲ್ಲ. ಉಳಿದ ಜೋಡಿ ಈ ಮಾರ್ಚ್‌ನಲ್ಲಿ ಕರಟದೊಳಗೆ ಐದು ಮೊಟ್ಟೆ ಇಟ್ಟಿತು. ಎರಡು ವಾರ ದಾಟಿದ ಮೇಲೆ ಒಂದು ಸಂಜೆ ಗಂಡು ಹೊರಬಂತು. ಬೆನ್ನ ಮೇಲೆ ಕಪ್ಪಗೆ ಏನೋ ಅಂಟಿಕೊಂಡಿತ್ತು. ಗೊದಮೊಟ್ಟೆ! ಅಪ್ಪ ಮರಿಯನ್ನು ಬೆನ್ನಿಗೆ ಹೊತ್ತು, ನೀರು ಹುಡುಕುತ್ತಾ ಪೆಟ್ಟಿಗೆಯೆಲ್ಲ ಸುತ್ತಿದ. ಈ ಸಲ ವಿಡಿಯೋ ಮಾಡಲಿಲ್ಲ. ಎಲೆಯ ಬುಡದ ನೀರಿಗೆ ಅದು ಇಳಿಯೋವರೆಗೂ ಕೂತು ನೋಡಿದೆ.

ತಮ್ಮನಿಗೆ ಕೊನೆಗೆ ಬರೆದದ್ದು ಇಷ್ಟು: ‘ಪೆಟ್ಟಿಗೆ ಕಟ್ಟು. ಪಾಚಿ, ಜರೀಗಿಡ, ಮನಿ ಪ್ಲಾಂಟ್ ಹಾಕು. ಕಪ್ಪೆ ಇಲ್ಲದೆ ಒಂದು ವರ್ಷ ಅದನ್ನು ನೋಡಿಕೋ. ಕಪ್ಪೆ ನೋಡಬೇಕು ಅನ್ನಿಸಿದರೆ ಮಳೆಗಾಲದಲ್ಲಿ ಗೊತ್ತಿರೋರ ಜೊತೆ ಉತ್ತರ ಕನ್ನಡದ ಕತ್ತಲೆಕಾನಿನ ಕಡೆ ಹೋಗು. ಅಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಹೆಸರಿಟ್ಟದ್ದು. ಅದರ ಗಂಡು ಮುಂಗಾಲಲ್ಲಿ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತೆ. ದೂರದಿಂದ ನೋಡು, ಮುಟ್ಟಬೇಡ, ತರಬೇಡ.’

ಉತ್ತರ ಮರುದಿನ ಬಂತು: ‘ಸರಿ ಅಕ್ಕಾ. ಕರಟ ಮಾತ್ರ ಇಲ್ಲೇ ಸಿಗುತ್ತೆ ಬಿಡು, ಅದನ್ನ ತರಬೇಡ.’