ನೀವು ಯಾರು ಅಂತ ನಾವು ಹೇಳ್ತೀವಿ!

ಮೊದಲೇ ಹೇಳಿಬಿಡ್ತೀನಿ, ಇದು ಸಿಟ್ಟಿನಲ್ಲಿ ಕುಟ್ಟಿದ ಬರಹ. ಸಿಟ್ಟು ಬಂದದ್ದು ಆಫೀಸಿನ ಕ್ಯಾಂಟೀನಿನಲ್ಲಿ, ಮೊಸರನ್ನ ತಿನ್ನುವಾಗ.

ನಮ್ಮ ಪ್ರಾಜೆಕ್ಟಿನ ಅರ್ಧ ಟೀಮು ರೊಮೇನಿಯಾದಲ್ಲಿದೆ. ಅಲ್ಲಿ ನನ್ನದೇ ವಯಸ್ಸಿನ ಹುಡುಗನೊಬ್ಬ ಇದ್ದಾನೆ. ಕಾಲ್‌ಗೆ ಉಳಿದವರು ಸೇರಿಕೊಳ್ಳುವವರೆಗೆ ನಾವಿಬ್ಬರೂ ಹರಟೆ ಹೊಡೀತಿರ್ತೀವಿ. ಒಂದು ದಿನ ಮನೆಮಾತಿನ ವಿಷಯ ಬಂತು. ನಾನು ಕನ್ನಡ ಅಂದೆ. ಅವನು "ನಾನು ಅಜ್ಜಿ ಹತ್ರ ಅರ್ಮನ್, ಉಳಿದವರ ಹತ್ರ ರೊಮೇನಿಯನ್" ಅಂದ. ಅರ್ಮನ್ ಅಂದ್ರೆ? ಹೊರಗಿನವರು ಅರೊಮೇನಿಯನ್ ಅಂತಾರಂತೆ. ನಾನು ಹೆಸರೇ ಕೇಳಿರಲಿಲ್ಲ. ಅವತ್ತು ರಾತ್ರಿ ಎರಡು ಗಂಟೆವರೆಗೆ ಕೂತು ಓದಿದೆ, ಆಮೇಲೆ ತಿಂಗಳುಗಟ್ಟಲೆ ಓದಿದೆ.

ಇದನ್ನ ಊಟದ ಟೇಬಲ್ಲಿನಲ್ಲಿ ಹೇಳಿದಾಗ ನಮ್ಮ ಇಲ್ಲಿನ ಗೆಳೆಯನೊಬ್ಬ ಫೋನ್ ತೆಗೆದು, ಎರಡು ನಿಮಿಷ ಸ್ಕ್ರಾಲ್ ಮಾಡಿ ತೀರ್ಪು ಕೊಟ್ಟ. "ಅದು ರೊಮೇನಿಯನ್ನಿನ ಡೈಲೆಕ್ಟ್ ಗುರು. ಅವನು ರೊಮೇನಿಯನ್ನೇ. ಸುಮ್ನೆ ಬಿಲ್ಡಪ್ ಕೊಡ್ತಿದ್ದಾನೆ."

ನನಗೆ ರೇಗಿದ್ದು ಇದಕ್ಕೇ. ಇದೇ ತೀರ್ಪನ್ನ ಒಂದೂವರೆ ಶತಮಾನದಿಂದ ಬೇರೆ ಬೇರೆ ಸರ್ಕಾರಗಳು, ಅಕಾಡೆಮಿಗಳು, ಚರ್ಚುಗಳು ಕೊಡ್ತಾ ಬಂದಿವೆ, ಮತ್ತೆ ಒಂದೊಂದರ ತೀರ್ಪೂ ಬೇರೆ. ಗ್ರೀಸ್ ಹೇಳುತ್ತೆ ಇವರು ಲ್ಯಾಟಿನ್ ಕಲಿತ ಗ್ರೀಕರು ಅಂತ. ರೊಮೇನಿಯಾ ಹೇಳುತ್ತೆ ಇವರು ದಕ್ಷಿಣಕ್ಕೆ ಹೋಗಿ ಉಳಿದ ರೊಮೇನಿಯನ್ನರು ಅಂತ. ಆ ಜನ ಏನು ಹೇಳ್ತಾರೆ ಅನ್ನೋದು ಪಟ್ಟಿಯ ಕೊನೇಲಿ ಬರುತ್ತೆ, ಜಾಗ ಉಳಿದಿದ್ರೆ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ರೋಮನ್ನರು ಬಾಲ್ಕನ್ ಪ್ರದೇಶಕ್ಕೆ ಬಂದಾಗ ಅವರ ಲ್ಯಾಟಿನ್ನೂ ಬಂತು. ಅದರಿಂದ ಹುಟ್ಟಿದವು ನಾಲ್ಕು: ಡ್ಯಾನ್ಯೂಬಿನ ಉತ್ತರಕ್ಕೆ ಬೆಳೆದ ರೊಮೇನಿಯನ್, ದಕ್ಷಿಣಕ್ಕೆ ಅರೊಮೇನಿಯನ್ ಮತ್ತು ಮೆಗ್ಲೆನೊ‑ರೊಮೇನಿಯನ್, ಪಶ್ಚಿಮದ ಮೂಲೆಯಲ್ಲಿ ಒಂದು ಹಿಡಿಯಷ್ಟು ಜನರ ಇಸ್ಟ್ರೊ‑ರೊಮೇನಿಯನ್. ಅರೊಮೇನಿಯನ್ನರು ಇರೋದು ಗ್ರೀಸಿನ ಪಿಂಡಸ್ ಬೆಟ್ಟಸಾಲು, ಥೆಸ್ಸಲಿ, ಅಲ್ಬೇನಿಯಾದ ದಕ್ಷಿಣ, ಉತ್ತರ ಮ್ಯಾಸಿಡೋನಿಯಾದ ಬಿತೊಲಾ ಮತ್ತು ಕ್ರೂಶೆವೊ, ಬಲ್ಗೇರಿಯಾ, ಮತ್ತೆ ರೊಮೇನಿಯಾದ ಕಪ್ಪುಸಮುದ್ರದ ಕಡೆಯ ದೊಬ್ರುಜಾ. ಬೇಸಿಗೆಗೆ ಕುರಿ ಹೊಡೆದುಕೊಂಡು ಬೆಟ್ಟಕ್ಕೆ, ಚಳಿಗಾಲಕ್ಕೆ ಬಯಲಿಗೆ. ಅಥವಾ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಊರಿಂದೂರಿಗೆ ವ್ಯಾಪಾರ. ಬಾಲ್ಕನ್ ದೇಶಗಳ ಗಡಿಗಳೆಲ್ಲ ಇವರ ದಾರಿಗಳ ಮೇಲೇ ಎಳೆದದ್ದು.

ಹೆಸರಿನದೇ ಒಂದು ರಾಮಾಯಣ. ಅರ್ಮನ್ ಅನ್ನೋದು ಲ್ಯಾಟಿನ್ನಿನ ರೊಮಾನುಸ್‌ನಿಂದ ಬಂದದ್ದು. ಪಕ್ಕದವರು ಕರೆಯೋದು ವ್ಲಾಖ್ ಅಂತ. ಅದು ಹಳೇ ಜರ್ಮಾನಿಕ್ ಮಾತು, 'ಪರಕೀಯ' ಅನ್ನೋ ಥರದ ಅರ್ಥ. ಬ್ರಿಟನ್ನಿನ ವೆಲ್ಷ್, ಬೆಲ್ಜಿಯಮ್ಮಿನ ವಲೂನ್ ಎರಡೂ ಅದೇ ಬೇರಿನವು. ಗ್ರೀಕಿನಲ್ಲಿ ವ್ಲಾಖ್ ಅಂದ್ರೆ ಹಳ್ಳಿಗಮಾರ ಅಂತಲೂ ಆಗುತ್ತೆ. ಸರ್ಬಿಯಾದವರು ತ್ಸಿಂತ್ಸಾರ್ ಅಂತಾರೆ. 'ಅರೊಮೇನಿಯನ್' ಅನ್ನೋದನ್ನ ವಿದ್ವಾಂಸರ ನಡುವೆ ಚಲಾವಣೆಗೆ ತಂದದ್ದು ಗುಸ್ತಾವ್ ವೈಗಾಂಡ್ ಅನ್ನೋ ಜರ್ಮನ್ ಪ್ರೊಫೆಸರ್, 1890ರ ದಶಕದಲ್ಲಿ.

ಈಗ ಡೈಲೆಕ್ಟ್ ವಿಷಯ. ಇಪ್ಪತ್ತಕ್ಕೆ ರೊಮೇನಿಯನ್ನಿನಲ್ಲಿ 'ದೊವಝೆಚ್' ಅಂತಾರೆ, ಅಂದ್ರೆ 'ಎರಡು ಹತ್ತು'. ನಮ್ಮ ಇಪ್ಪತ್ತೂ ಹಾಗೇ ಆದದ್ದು ನೋಡಿ. ಅಲ್ಲಿ ಅದು ಸ್ಲಾವಿಕ್ ಭಾಷೆಗಳ ಮಾದರಿ. ಆದ್ರೆ ಅರೊಮೇನಿಯನ್ನಿನಲ್ಲಿ 'ಯಿಂಗಿತ್ಸ್', ನೇರವಾಗಿ ಲ್ಯಾಟಿನ್ನಿನ 'ವಿಗಿಂತಿ'ಯ ಮೊಮ್ಮಗು. ರೊಮೇನಿಯನ್ ಕಳಕೊಂಡದ್ದನ್ನ ಇದು ಉಳಿಸಿಕೊಂಡಿದೆ. ಕಲ್ಲಿಗೆ ಅಲ್ಲಿ 'ಪ್ಯಾತ್ರ', ಇಲ್ಲಿ 'ಕ್ಯಾತ್ರ'. ಕೆಂಪಿಗೆ ಅಲ್ಲಿ 'ರೊಶು', ಇಲ್ಲಿ 'ಅರೊಶು'. ಮಗನಿಗೆ ಅಲ್ಲಿ 'ಫಿಯು', ಇಲ್ಲಿ 'ಹಿಲ್ಯು'. (ನಮ್ಮ ಪಾಲು ಹಾಲಾದದ್ದು ನೆನಪಾಯ್ತು ನನಗೆ.) ರೊಮೇನಿಯನ್ 19ನೇ ಶತಮಾನದಲ್ಲಿ ಫ್ರೆಂಚಿನಿಂದ ಕಂತೆಗಟ್ಟಲೆ ಪದ ತಂದುಕೊಂಡಿತು, ಇದು ಗ್ರೀಕಿನಿಂದ ತಂದುಕೊಂಡಿತು. ಬುಕಾರೆಸ್ಟಿನಲ್ಲಿ ಹುಟ್ಟಿ ಬೆಳೆದವನಿಗೆ ನನ್ನ ಗೆಳೆಯನ ಅಜ್ಜಿಯ ಮಾತು ಅಲ್ಲೊಂದು ಇಲ್ಲೊಂದು ತುಣುಕು ಬಿಟ್ರೆ ಅರ್ಥ ಆಗೋದಿಲ್ಲ. ರೊಮೇನಿಯಾದ ಹೆಚ್ಚಿನ ವಿದ್ವಾಂಸರು ಇದನ್ನ ಡೈಲೆಕ್ಟ್ ಅಂತಾರೆ, ಹೊರಗಿನ ಬಹಳ ಜನ ಬೇರೆ ಭಾಷೆ ಅಂತಾರೆ. ಐಎಸ್ಒ ಕೋಡ್ ಪಟ್ಟಿಯಲ್ಲಂತೂ ಇದಕ್ಕೆ ತನ್ನದೇ ಮೂರಕ್ಷರ ಇದೆ: ಆರ್, ಯು, ಪಿ.

ಡೈಲೆಕ್ಟ್ ಅಂತಲೇ ಇಟ್ಕೊಳ್ಳೋಣ, ನನ್ನ ತಕರಾರಿಲ್ಲ. ಆದ್ರೆ ಅಲ್ಲಿಂದ 'ಹಾಗಾಗಿ ಅವನು ರೊಮೇನಿಯನ್ನೇ' ಅನ್ನೋದಕ್ಕೆ ಹೇಗೆ ಹಾರಿದಿರಿ? ಭಾಷೆಗಳ ವಂಶವೃಕ್ಷ ನೋಡಿ ಮನುಷ್ಯನ ಮನಸ್ಸು ಹೇಳೋದಾದ್ರೆ ಜನಗಣತಿಯೇ ಬೇಡ, ಒಂದು ಸ್ಕ್ರಿಪ್ಟ್ ಬರೆದು ರನ್ ಮಾಡಿದ್ರೆ ಸಾಕು.

ಆ ಕಡೆಯ ಹಾರಾಟ ಇನ್ನೂ ಜೋರು. ಅಲ್ಬೇನಿಯಾದ ಬೆಟ್ಟದಲ್ಲಿ ಮೊಸ್ಕೊಪೊಲೆ ಅಂತ ಊರು. 18ನೇ ಶತಮಾನದಲ್ಲಿ ಅದು ಅರೊಮೇನಿಯನ್ನರ ದೊಡ್ಡ ವ್ಯಾಪಾರಿ ಪಟ್ಟಣ. ಅಚ್ಚುಕೂಟ ಇತ್ತು, ಅಕಾಡೆಮಿ ಇತ್ತು. 1769ರಲ್ಲಿ ಒಮ್ಮೆ, 1788ರಲ್ಲಿ ಮತ್ತೊಮ್ಮೆ ಲೂಟಿಯಾಗಿ ಹಾಳಾಯ್ತು. ಅಲ್ಲಿನ ಪಾದ್ರಿ ದಾನಿಯೇಲ್ ಅಂತ ಒಬ್ಬ ನಾಲ್ಕು ಭಾಷೆಯ ನಿಘಂಟು ಮಾಡಿದ: ಗ್ರೀಕ್, ಅರೊಮೇನಿಯನ್, ಸ್ಲಾವಿಕ್, ಅಲ್ಬೇನಿಯನ್. ಎಂಥ ಒಳ್ಳೇ ಕೆಲಸ ಅಂತ ಖುಷಿಪಡಬೇಡಿ. ಅದರ ಉದ್ದೇಶ, ಉಳಿದ ಮೂರು ಭಾಷೆಯವರು ಅವನ್ನ ಬಿಟ್ಟು ಗ್ರೀಕ್ ಕಲಿತು ಉದ್ಧಾರವಾಗಲಿ ಅನ್ನೋದು. ಸ್ವಂತ ಜನರನ್ನ ಮನೆಮಾತಿನಿಂದ ಬಿಡಿಸಬೇಕು ಅಂತ ಹೊರಟ ಪುಸ್ತಕ ಇವತ್ತು ಅದೇ ಮನೆಮಾತಿನ ಹಳೇ ದಾಖಲೆಗಳಲ್ಲೊಂದು. ಅವನ ಮೇಲೆ ಸಿಟ್ಟೂ ಬರಲ್ಲ ನನಗೆ. ಆಗ ಚರ್ಚು, ಶಾಲೆ, ಮಾರುಕಟ್ಟೆ ಎಲ್ಲಾ ಗ್ರೀಕ್. ನಮ್ಮಲ್ಲಿ ಮಕ್ಕಳನ್ನ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕೋ ಅಪ್ಪಂದಿರ ಲೆಕ್ಕಾಚಾರವೇ ಅದು.

ಮತ್ತೆ ಗ್ರೀಕರಾದವರು ಸುಳ್ಳು ಗ್ರೀಕರಾಗಲಿಲ್ಲ. 1844ರಲ್ಲಿ ಗ್ರೀಕ್ ಸಂಸತ್ತಿನಲ್ಲಿ 'ಮಹಾ ಕಲ್ಪನೆ'ಯನ್ನ, ಅಂದ್ರೆ ಗ್ರೀಕರಿರೋ ಜಾಗವೆಲ್ಲ ಸೇರಿದ ದೊಡ್ಡ ಗ್ರೀಸಿನ ಕನಸನ್ನ ಸಾರಿದ ಕೊಲೆತ್ತಿಸ್ ಅರೊಮೇನಿಯನ್ ಮನೆಯವನು. 1896ರ ಮೊದಲ ಒಲಿಂಪಿಕ್ಸಿಗೆ ಅಥೆನ್ಸಿನ ಅಮೃತಶಿಲೆಯ ಕ್ರೀಡಾಂಗಣ ಎದ್ದದ್ದು ಮೆತ್ಸೊವೊ ಊರಿನ ಅವೆರೋಫ್ ಅನ್ನೋ ಅರೊಮೇನಿಯನ್ ಸಾಹುಕಾರನ ದುಡ್ಡಿನಲ್ಲಿ. ಇವರಿಗೆ 'ನೀವು ನಿಜವಾಗಿ ರೊಮೇನಿಯನ್ನರು, ನಿಮಗೇ ಗೊತ್ತಿಲ್ಲ' ಅಂತ ಹೇಳೋಕೆ ಬುಕಾರೆಸ್ಟಿಗೆ ಯಾವ ಹಕ್ಕಿದೆ?

ಹೇಳಿತು ಮಾತ್ರ. 1864ರಿಂದ ಶುರುವಾಗಿ ರೊಮೇನಿಯಾ ಒಟ್ಟೋಮನ್ ಸಾಮ್ರಾಜ್ಯದ ಅರೊಮೇನಿಯನ್ ಊರುಗಳಲ್ಲಿ ಶಾಲೆಗಳನ್ನ ತೆರೆಯಿತು. ಒಂದು ಕಾಲಕ್ಕೆ ನೂರು ದಾಟಿದವು. ಮಕ್ಕಳ ಮನೆಮಾತು ಉಳಿಸೋಕೆ ಅಂತ ಬಂದ ಆ ಶಾಲೆಗಳಲ್ಲಿ ಕಲಿಸಿದ್ದು ಬುಕಾರೆಸ್ಟಿನ ರೊಮೇನಿಯನ್! ಗ್ರೀಕ್ ಶಾಲೆ, ರೊಮೇನಿಯನ್ ಶಾಲೆ ಎರಡರಲ್ಲೂ ಅಜ್ಜಿಯ ಮಾತಿಗೆ ಬೆಂಚಿಲ್ಲ.

1905ರ ಮೇ ತಿಂಗಳಲ್ಲಿ ಸುಲ್ತಾನ ಅಬ್ದುಲ್ ಹಮೀದ್ ಇವರನ್ನ ಪ್ರತ್ಯೇಕ ಸಮುದಾಯ ಅಂತ ಒಪ್ಪಿ ಆದೇಶ ಹೊರಡಿಸಿದ. ಅದರ ನೆನಪಿಗೆ ಅರೊಮೇನಿಯನ್ನರು ಹಲವು ದೇಶಗಳಲ್ಲಿ ಮೇ 23ನ್ನ ತಮ್ಮ ದಿನ ಅಂತ ಆಚರಿಸ್ತಾರೆ. ರೊಮೇನಿಯಾ 2021ರಲ್ಲಿ ಮೇ 10ನ್ನ 'ಬಾಲ್ಕನ್ ರೊಮೇನಿಯನ್‌ತನದ ದಿನ' ಅಂತ ಮಾಡಿತು. ಮೇ 10 ಮತ್ತು 23 ಅಂದ್ರೆ ಹಳೇ ಜೂಲಿಯನ್ ಪಂಚಾಂಗ, ಹೊಸ ಗ್ರೆಗೋರಿಯನ್ ಪಂಚಾಂಗ. ಒಂದೇ ದಿನ ಸ್ವಾಮಿ! ಒಂದೇ ಘಟನೆಗೆ ಎರಡು ಹೆಸರು, ಎರಡು ತಾರೀಖು, ಮತ್ತೆ ಅದರ ಮೇಲೆ ಜಗಳ.

ಗ್ರೀಸಿನ ಭಯಕ್ಕೆ ಕಾರಣ ಇಲ್ಲ ಅಂತ ನಾನು ಹೇಳಲ್ಲ. 1941ರಲ್ಲಿ ಇಟಲಿ ಗ್ರೀಸನ್ನ ಹಿಡಿದಾಗ ದಿಯಮಾಂದಿ ಅನ್ನೋನು ಇಟಲಿಯವರ ಬೆನ್ನಿಗೆ ನಿಂತು ಪಿಂಡಸ್ಸಿನಲ್ಲಿ ಅರೊಮೇನಿಯನ್ ರಾಜ್ಯ ಕಟ್ಟಲು ಹೊರಟ. ಹೆಚ್ಚಿನ ಅರೊಮೇನಿಯನ್ನರು ಅವನ ಹಿಂದೆ ಹೋಗಲಿಲ್ಲ. ಆದ್ರೂ ಆ ಕಳಂಕ ಭಾಷೆಗೆ ಅಂಟಿತು. ಎಷ್ಟು ಅಂದ್ರೆ, 1995ರಲ್ಲಿ ವ್ಲಾಖ್ ಮೇಳವೊಂದರಲ್ಲಿ, ಸ್ವತಃ ಅರೊಮೇನಿಯನ್ ಆದ ಒಬ್ಬ ಆರ್ಕಿಟೆಕ್ಟ್ ಯುರೋಪಿನ ಸಣ್ಣ ಭಾಷೆಗಳ ಸಂಸ್ಥೆಯ ಒಂದು ಕರಪತ್ರ ಹಂಚಿದ. ಗ್ರೀಸಿನಲ್ಲಿ ಗ್ರೀಕ್ ಬಿಟ್ಟು ಬೇರೆ ಯಾವ ಭಾಷೆ ಇವೆ ಅನ್ನೋ ಪಟ್ಟಿ ಅದರಲ್ಲಿತ್ತು. ಸುಳ್ಳು ಸುದ್ದಿ ಹರಡಿದ ಅಂತ ಕೇಸಾಗಿ 2001ರಲ್ಲಿ ಕೋರ್ಟು 15 ತಿಂಗಳ ಶಿಕ್ಷೆ ವಿಧಿಸಿತು. ಅದೇ ವರ್ಷದ ಕೊನೆಗೆ ಮೇಲಿನ ಕೋರ್ಟಿನಲ್ಲಿ ಖುಲಾಸೆಯಾದ ಅನ್ನಿ. ಆದ್ರೆ ಪಕ್ಕದ ಮನೆಯಲ್ಲೇ ಕೇಳಿಸೋ ಭಾಷೆ ಇದೆ ಅಂದದ್ದಕ್ಕೆ ಆರು ವರ್ಷ ಕೋರ್ಟು ಅಲೆದ.

ಇನ್ನೊಂದು ತೊಡಕಿದೆ, ಇದನ್ನ ಮುಚ್ಚಿಟ್ರೆ ನಾನೂ ಮೋಸ ಮಾಡಿದ ಹಾಗೆ. 1997ರಲ್ಲಿ ಯುರೋಪ್ ಮಂಡಳಿಯ ಸಂಸದೀಯ ಸಭೆ ಅರೊಮೇನಿಯನ್ ಭಾಷೆ ಮತ್ತು ಸಂಸ್ಕೃತಿಯ ಬಗ್ಗೆ 1333ನೇ ಶಿಫಾರಸು ಮಾಡಿತು. ಮನೆಮಾತಿನಲ್ಲಿ ಶಿಕ್ಷಣ, ಪತ್ರಿಕೆ, ರೇಡಿಯೋ, ಚರ್ಚಿನಲ್ಲಿ ಪೂಜೆ, ಇಷ್ಟನ್ನ ಪ್ರೋತ್ಸಾಹಿಸಿ ಅಂತ. ಅದನ್ನ ಗ್ರೀಸಿನಲ್ಲಿ ಜೋರಾಗಿ ವಿರೋಧಿಸಿದ್ದು ಯಾರು? ಅಲ್ಲಿನ ವ್ಲಾಖ್ ಸಂಘಗಳ ಒಕ್ಕೂಟವೇ! 'ನಾವು ಅಲ್ಪಸಂಖ್ಯಾತರಲ್ಲ, ನಾವು ಗ್ರೀಕರು' ಅನ್ನೋದು ಅವರ ನಿಲುವು. ಭಾಷಾಭಿಮಾನಿಗಳಿಗೆ ಇದು ನುಂಗಲಾರದ ತುತ್ತು. 'ಬ್ರೈನ್‌ವಾಶ್ ಆಗಿದ್ದಾರೆ' ಅಂತ ಮುಗಿಸಿಬಿಡೋಕೆ ಮನಸ್ಸಾಗುತ್ತೆ. ನನಗೂ ಆಯ್ತು. ಆದ್ರೆ ಹಾಗಂದ ತಕ್ಷಣ ನಾನೂ ಆ ಕ್ಯಾಂಟೀನಿನ ಗೆಳೆಯನ ಪಕ್ಕದ ಕುರ್ಚಿಯಲ್ಲಿ ಕೂತೆ ಅಂತಾಯ್ತಲ್ಲ? ರೊಮೇನಿಯಾದಲ್ಲಿ 2005ರಲ್ಲಿ ಅರೊಮೇನಿಯನ್ನರ ಒಂದು ಸಂಘಟನೆ 'ನಾವು ರೊಮೇನಿಯನ್ನರಲ್ಲ, ನಮ್ಮನ್ನ ಪ್ರತ್ಯೇಕ ಅಲ್ಪಸಂಖ್ಯಾತರು ಅಂತ ಒಪ್ಪಿ' ಅಂತ ಕೇಳಿತು, ಸರ್ಕಾರ ಒಪ್ಪಲಿಲ್ಲ. ಅದೇ ಊರುಗಳಲ್ಲಿ 'ನಾವು ರೊಮೇನಿಯನ್ನರೇ' ಅನ್ನೋ ಅರೊಮೇನಿಯನ್ನರೂ ಇದ್ದಾರೆ. ಎಲ್ಲರೂ ಅವರವರ ಮಟ್ಟಿಗೆ ನಿಜ ಹೇಳ್ತಿದ್ದಾರೆ.

ನಾನು ಒಪ್ಪದೇ ಇರೋದು ಒಂದೇ. ನೀನು ಯಾರು ಅನ್ನೋದು ಇತ್ಯರ್ಥ ಆಗೋವರೆಗೆ ನಿನ್ನ ಭಾಷೆಯನ್ನ ಶಾಲೆಯಲ್ಲಿ ಕಲಿಸಲ್ಲ ಅನ್ನೋ ಷರತ್ತು. ಗ್ರೀಕ್ ಆಗಿದ್ದುಕೊಂಡೇ ವಾರಕ್ಕೆ ಎರಡು ಪೀರಿಯಡ್ ಅರೊಮೇನಿಯನ್ ಕಲಿತರೆ ಯಾವ ಗಡಿ ಅಲುಗಾಡುತ್ತೆ? ಭಾಷೆ ಕೇಳಿದವರೆಲ್ಲ ದೇಶ ಕೇಳ್ತಾರೆ ಅನ್ನೋ ಭಯದಲ್ಲಿ, ದೇಶ ಕೇಳದೇ ಇದ್ದವರ ಭಾಷೆಯೂ ಹೋಗ್ತಾ ಇದೆ. ಯುನೆಸ್ಕೋ ಪಟ್ಟಿಯಲ್ಲಿ ಇದು ನಿಶ್ಚಿತವಾಗಿ ಅಪಾಯದಲ್ಲಿರೋ ಭಾಷೆ.

ಮಾನ್ಯತೆ ಕೊಟ್ಟುಬಿಟ್ರೆ ಎಲ್ಲಾ ಸರಿಹೋಗುತ್ತೆ ಅಂತಲೂ ಅಲ್ಲ. ಉತ್ತರ ಮ್ಯಾಸಿಡೋನಿಯಾ ಇವರನ್ನ ಸಂವಿಧಾನದಲ್ಲೇ ಹೆಸರಿಸಿದೆ, ಕ್ರೂಶೆವೊದಲ್ಲಿ 2006ರಿಂದ ಇದು ಅಧಿಕೃತ ಭಾಷೆ. ಆದ್ರೂ 2002ರ ಗಣತಿಯಲ್ಲಿ 9,695 ಇದ್ದ ವ್ಲಾಖರು 2021ಕ್ಕೆ 8,714. ಅಲ್ಬೇನಿಯಾ 2017ರಲ್ಲಿ ಮಾನ್ಯತೆ ಕೊಟ್ಟಿತು, ತಡವಾಗಿ.

ಇಷ್ಟೆಲ್ಲ ಕೂಗಾಡೋ ನಾನು ಸಾಚಾ ಅಲ್ಲ. ಕಾಲೇಜಿನಲ್ಲಿ ಪುತ್ತೂರಿನ ರೂಮ್‌ಮೇಟಿಗೆ 'ತುಳು ಕನ್ನಡದ ಉಪಭಾಷೆ ತಾನೆ' ಅಂದಿದ್ದೆ. ಎರಡು ದಿನ ಮಾತು ಬಿಟ್ಟಿದ್ದ. ಕಾಲ್ಡ್‌ವೆಲ್ 1856ರಲ್ಲೇ ತುಳುವನ್ನ ಬೇರೆ ಭಾಷೆ ಅಂತ ಎಣಿಸಿದ್ದು ನನಗೆ ಗೊತ್ತಾದದ್ದು ಆಮೇಲೆ. ಕೊಂಕಣಿ ಮರಾಠಿಯ ಉಪಭಾಷೆಯೋ ಅಲ್ಲವೋ ಅನ್ನೋ ಜಗಳ ಸಾಹಿತ್ಯ ಅಕಾಡೆಮಿ 1975ರಲ್ಲಿ ಮಾನ್ಯತೆ ಕೊಡೋವರೆಗೆ ಎಳೆದದ್ದೂ ನಿಮಗೆ ಗೊತ್ತಿದೆ. ನಮ್ಮ ಭಾಷೆಯನ್ನ ಬೇರೆಯವರು ಕೀಳು ಮಾಡಿದಾಗ ಉರಿಯೋ ನಾವು, ಪಕ್ಕದ ಸಣ್ಣ ಭಾಷೆ ವಿಷಯ ಬಂದಾಗ ಎರಡು ನಿಮಿಷದಲ್ಲಿ ತೀರ್ಪು ಕೊಡ್ತೀವಿ. ಬಯ್ಯೋರು ಬಯ್ಯಬಹುದು.

ನನ್ನ ಗೆಳೆಯನ ಅಜ್ಜಿಗೆ ಈಗ 87. ಅವರ ಅಮ್ಮ ಗ್ರೀಸಿನ ವೇರಿಯಾ ಹತ್ತಿರದ ಬೆಟ್ಟದವರು. 1920ರ ದಶಕದಲ್ಲಿ ರೊಮೇನಿಯಾ ಸರ್ಕಾರ ಜಮೀನು ಕೊಡ್ತೀನಿ ಅಂದಾಗ ದಕ್ಷಿಣ ದೊಬ್ರುಜಾಕ್ಕೆ ಬಂದರು. ಅಜ್ಜಿ ಹುಟ್ಟಿದ್ದು ಅಲ್ಲಿ. 1940ರಲ್ಲಿ ಆ ಜಾಗ ಬಲ್ಗೇರಿಯಾಕ್ಕೆ ಹೋಯ್ತು, ಮತ್ತೆ ಗಂಟುಮೂಟೆ ಕಟ್ಟಿ ಉತ್ತರಕ್ಕೆ, ಕೊನ್ಸ್ತಾಂತ್ಸ ಕಡೆಗೆ. ಕಂಕುಳಲ್ಲಿ ಕೂಸಾಗಿ ಬಂದವರು ಇವರು. ಅವನು ಈಗ ಪ್ರತಿ ಭಾನುವಾರ ಅಜ್ಜಿ ಎದುರು ಲ್ಯಾಪ್‌ಟಾಪ್ ಇಟ್ಕೊಂಡು ಅವರ ಪದಗಳನ್ನ ಸ್ಪ್ರೆಡ್‌ಶೀಟಿಗೆ ಇಳಿಸ್ತಿದ್ದಾನೆ. ಒಮ್ಮೆ ಕೇಳಿದನಂತೆ, ಅಜ್ಜಿ ನಾವು ರೊಮೇನಿಯನ್ನರಾ, ಗ್ರೀಕರಾ ಅಂತ. ನಾವು ಅರ್ಮನ್, ಮೊದಲು ಊಟ ಮಾಡು ಅಂದರಂತೆ.

ಮೊನ್ನೆ ಅವನಿಗೊಂದು ತೊಂದರೆ. 1997ರಲ್ಲಿ ಬಿತೊಲಾದಲ್ಲಿ ಒಂದಷ್ಟು ಜನ ಸೇರಿ ಒಪ್ಪಿದ ಬರವಣಿಗೆ ಪದ್ಧತಿ ಇದೆ. ರೊಮೇನಿಯನ್ನಿನ ಬಾಲ‑ಕೊಂಬುಗಳನ್ನೆಲ್ಲ ಬಿಟ್ಟು, ಮಾಮೂಲಿ ಕೀಬೋರ್ಡಿನಲ್ಲಿ ಕುಟ್ಟಬಹುದಾದ ಜೋಡಿ ಅಕ್ಷರಗಳು, ಜೊತೆಗೆ ತಲೆ ಮೇಲೆ ಅಲೆ ಇರೋ ಒಂದೇ ಒಂದು 'ಎ'. ಆ ಅಲೆಯ 'ಎ' ಅವನ ಶೀಟಿನಲ್ಲಿ ಸಾರ್ಟ್ ಮಾಡಿದಾಗ 'ಝಡ್' ದಾಟಿ ಕೊನೆಗೆ ಹೋಗಿ ಕೂರ್ತಿದೆ. ಈ ಶನಿವಾರ ಅದಕ್ಕೊಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಡ್ತೀನಿ ಅಂದಿದ್ದೀನಿ.